ಹಳೇ ಜೀಪಿನ ತುಕ್ಕು ಹಿಡಿದ ಟೋ ಬಾರ್ ಬದಲಿಸುವುದು ಹೇಗೆ

ಎಂಎಂ 540 ಆಗಲಿ, ಜಿಪ್ಸಿ ಆಗಲಿ, ಹಳೇ ಥಾರ್ ಆಗಲಿ, ಟ್ರೇಲರ್ ಎಳೆಯಲು ಹಿಂದೆ ಕಟ್ಟಿರುವ ಟೋ ಬಾರ್ ತುಕ್ಕು ತಿಂದು ಪುಡಿ ಉದುರಿಸುತ್ತಿದ್ದರೆ ಹೊಸ ಬಾರ್ ತರುವ ಮೊದಲು ಅದು ಕೂತಿರುವ ಚಾಸಿಯ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿನ, ತುದಿ ನೋಡಿ. ಬಾರ್ ಹೊರಗಿರುತ್ತದೆ, ಮಳೆಗೆ ನೆನೆದರೂ ಬಿಸಿಲಿಗೆ ಒಣಗುತ್ತದೆ. ಚಾಸಿ ಹಾಗಲ್ಲ, ಪೆಟ್ಟಿಗೆಯಂತೆ ಮುಚ್ಚಿಕೊಂಡಿದೆ. ಒಳಗೆ ಹೊಕ್ಕ ಕೆಮ್ಮಣ್ಣು ನೀರಿಳಿಯುವ ತೂತನ್ನು ಮುಚ್ಚಿ ಕೂತರೆ ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಸಮುದ್ರವೇ ಇಲ್ಲದ ಬೆಂಗಳೂರಿನಲ್ಲೂ ಗಾಡಿ ಒಳಗಿಂದ ಕೊಳೆಯುವುದು ಹೀಗೆ. ಮಲ್ಪೆಗೋ ಗೋಕರ್ಣಕ್ಕೋ ಹೋಗಿ ಮರಳಿನಲ್ಲಿ ಓಡಾಡಿ, ಬಂದಮೇಲೆ ಬಾಡಿ ಮಾತ್ರ ತೊಳೆದಿದ್ದರೆ ಇನ್ನೂ ಬೇಗ.

ಕೊಳೆತ ಚಾಸಿಗೆ ಗಟ್ಟಿ ಬಾರ್ ಕಟ್ಟಿದರೆ ಮೊದಲಿಗಿಂತ ಅಪಾಯ ಹೆಚ್ಚು. ಹಳೇ ಬಾರ್ ಎಳೆಯುವಾಗ ಬಾಗಿಯಾದರೂ ಎಚ್ಚರಿಸುತ್ತದೆ. ಹೊಸದು ಬಾಗುವುದಿಲ್ಲ, ಚಾಸಿಯ ತುಂಡನ್ನೇ ಕಿತ್ತುಕೊಂಡು ಬರುತ್ತದೆ.

ಮೊದಲು ತಟ್ಟಿ ನೋಡಿ

ಅರ್ಧ ಕೆ.ಜಿ. ಸುತ್ತಿಗೆಯಿಂದ ಬಾರ್ ಕೂತಿರುವ ಜಾಗದ ಸುತ್ತ ಒಂದಡಿವರೆಗೆ ಚಾಸಿಯನ್ನು ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಡಬ್ ಅಂದ ಕಡೆ ಹಳೇ ಸ್ಕ್ರೂಡ್ರೈವರ್ ಇಟ್ಟು ಒತ್ತಿ. ಚುಚ್ಚಿಕೊಂಡು ಒಳಗೆ ಹೋದರೆ ಅದು ಬೋಲ್ಟ್ ಹಾಕುವ ಜಾಗವಲ್ಲ, ತಗಡು ಕತ್ತರಿಸಿ ಹೊಸದು ಬೆಸೆಯುವ ಜಾಗ. ಚುಚ್ಚದಿದ್ದರೂ ಬೋಲ್ಟ್ ತೂತಿನ ಅಂಚಿನಲ್ಲಿ ವರ್ನಿಯರ್ ಇಟ್ಟು ದಪ್ಪ ಅಳೆದು, ಅದೇ ಚಾಸಿಯ ಚೆನ್ನಾಗಿರುವ ಭಾಗದ ದಪ್ಪಕ್ಕೆ ಹೋಲಿಸಿ. ಕಾಲು ಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಪಟ್ಟಿ ಹಾಕದೆ ಮುಂದುವರಿಯಬೇಡಿ.

ಬಾರ್‌ನ ಪ್ಲೇಟಿಗೂ ಚಾಸಿಗೂ ನಡುವಿನ ಸಂದಿಗೆ ಟಾರ್ಚ್ ಹಿಡಿದು ನೋಡಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಎರಡು ಪ್ಲೇಟುಗಳ ನಡುವೆ ಪದರ ಪದರವಾಗಿ ಊದಿ, ಬೋಲ್ಟ್‌ಗಳನ್ನು ಹಿಗ್ಗಿಸಿ ಎಳೆದಿರುತ್ತದೆ. ಅಂಥ ಬೋಲ್ಟ್‌ಗಳು ಹೊರಗಿಂದ ಚೆನ್ನಾಗಿ ಕಂಡರೂ ಮತ್ತೆ ಬಳಸುವ ಹಾಗಿಲ್ಲ.

ಏನೇನು ತರಬೇಕು

ಬಾರ್ ಬೆಂಗಳೂರಿನ ಜೆ.ಸಿ. ರೋಡಿನಲ್ಲೋ ಕಲಾಸಿಪಾಳ್ಯದಲ್ಲೋ ಸಿಗುತ್ತದೆ, ಅಥವಾ ಪೀಣ್ಯದಲ್ಲಿ ಮಾಡಿಸಿಕೊಳ್ಳಬಹುದು. ಮಾಡಿಸುವುದಾದರೆ ಚಾಸಿಗೆ ಕೂರುವ ಪ್ಲೇಟ್ ಐಎಸ್ 2062 ದರ್ಜೆಯ ಉಕ್ಕಿನದು, ಕನಿಷ್ಠ 8 ಮಿ.ಮೀ. ಇರಲಿ. ಮಾಪನಕ್ಕೆ ಹಳೇ ಬಾರ್ ಒಂದನ್ನೇ ನಂಬಬೇಡಿ, ಅದು ಬಾಗಿರಬಹುದು. ಬಿಚ್ಚಿದ ಮೇಲೆ ಚಾಸಿಯ ತೂತುಗಳ ಮೇಲೆ ರಟ್ಟು ಒತ್ತಿ ಅಚ್ಚು ತೆಗೆದುಕೊಂಡು ಹೋಗಿ.

ಬೋಲ್ಟ್‌ಗಳಿಗೆ ಎಸ್.ಜೆ.ಪಿ. ರೋಡ್. ತಲೆಯ ಮೇಲೆ 8.8 ಅಥವಾ 10.9 ಎಂಬ ಗುರುತು, ಜೊತೆಗೆ ತಯಾರಕರ ಮುದ್ರೆ ಎರಡೂ ಇರಲೇಬೇಕು. ಬೋಳು ತಲೆಯ ಬೋಲ್ಟ್ ಎಷ್ಟೇ ದಪ್ಪ ಇದ್ದರೂ ಬೇಡ. 8.8 ಅಂದರೆ ಪ್ರತಿ ಚದರ ಮಿ.ಮೀ.ಗೆ 800 ನ್ಯೂಟನ್‌ವರೆಗೆ ತುಂಡಾಗದ, ಆ ಬಲದ 80 ಶೇಕಡಾವರೆಗಿನ ಎಳೆತಕ್ಕೆ ಹಿಗ್ಗಿದರೂ ಮೊದಲಿನ ಉದ್ದಕ್ಕೆ ಮರಳುವ ಉಕ್ಕು. ನಟ್ಟೂ ಅದೇ ದರ್ಜೆಯದಿರಲಿ: 8.8ಕ್ಕೆ 8, 10.9ಕ್ಕೆ 10.

ಇಲ್ಲೊಂದು ಗುಂಡಿ ಇದೆ. ಹಳೇ ಜೀಪುಗಳಲ್ಲಿ ಇಂಚಿನ ಬೋಲ್ಟ್‌ಗಳೂ ಇರುತ್ತವೆ. ಅರ್ಧ ಇಂಚಿನ ಬೋಲ್ಟಿಗೆ ಮುಕ್ಕಾಲು ಇಂಚಿನ ಸ್ಪ್ಯಾನರ್, ಅಂದರೆ 19.05 ಮಿ.ಮೀ. ಹಾಗಾಗಿ 19ರ ಸಾಕೆಟ್ ಸಲೀಸಾಗಿ ಕೂರುತ್ತದೆ, ನೀವು ಅದನ್ನು ಎಂ12 (12 ಮಿ.ಮೀ. ಬೋಲ್ಟ್) ಅಂದುಕೊಳ್ಳುತ್ತೀರಿ. ಅಂಗಡಿಯಿಂದ ಎಂ12 ತಂದು ಚಾಸಿಯೊಳಗಿನ ಇಂಚಿನ ನಟ್ಟಿಗೆ ತಿರುಗಿಸಿದರೆ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಬಲ ಹಾಕಿದರೆ ಥ್ರೆಡ್ ಹೋಗುತ್ತದೆ. ಜಿಪ್ಸಿಯಲ್ಲಿ ಬೇರೆ ತೊಂದರೆ, ಅದರ ಎಂ12 ಬೋಲ್ಟ್‌ಗಳು ಸಾಮಾನ್ಯವಾಗಿ 1.25ರ (ಎರಡು ಎಳೆಗಳ ನಡುವೆ 1.25 ಮಿ.ಮೀ. ಅಂತರದ) ಸಣ್ಣ ಥ್ರೆಡ್. ಅಂಗಡಿಯಲ್ಲಿ ಕೇಳದೆ ಕೊಡುವುದು 1.75. ಬಿಚ್ಚಿದ ಬೋಲ್ಟನ್ನು ಜೇಬಲ್ಲಿ ಹಾಕಿಕೊಂಡು ಹೋಗಿ, ಥ್ರೆಡ್ ಗೇಜ್ ಹಿಡಿದು ನೋಡಿ ತನ್ನಿ.

ಇನ್ನು ಬೇಕಾದದ್ದು: ಆರು ಮೂಲೆಯ ಅರ್ಧ ಇಂಚ್ ಡ್ರೈವ್ ಸಾಕೆಟ್‌ಗಳು (ಹನ್ನೆರಡು ಮೂಲೆಯದು ತುಕ್ಕಿನ ತಲೆಯನ್ನು ದುಂಡಗೆ ಮಾಡುತ್ತದೆ), ಎರಡಡಿ ಬ್ರೇಕರ್ ಬಾರ್, ಟಾರ್ಕ್ ರೆಂಚ್, ನಾಲ್ಕಿಂಚು ಗ್ರೈಂಡರ್, 1 ಮಿ.ಮೀ. ಕಟಿಂಗ್ ಡಿಸ್ಕ್ ನಾಲ್ಕೈದು, ತಂತಿ ಬ್ರಷ್, ಕೋಬಾಲ್ಟ್ ಡ್ರಿಲ್ ಬಿಟ್‌ಗಳು, ಎರಡು ಜಾಕಿ, ಎರಡು ಆಕ್ಸಲ್ ಸ್ಟ್ಯಾಂಡ್.

ಜಾಗ

ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಈ ಕೆಲಸ ಬೇಡ. ಹೊಗೆ ನಿಲ್ಲುತ್ತದೆ. ಗ್ರೈಂಡರ್ ಕಿಡಿ ಪಕ್ಕದ ಕಾರಿನ ಗಾಜಿಗೆ ತಗುಲಿದರೆ ಕರಗಿ ಅಂಟಿಕೊಂಡು ಚುಕ್ಕೆ ಬೀಳುತ್ತದೆ, ಒರೆಸಿದರೆ ಹೋಗುವುದಿಲ್ಲ. ಅಸೋಸಿಯೇಷನ್ ವಾಟ್ಸಾಪ್ ಗುಂಪಿನಲ್ಲಿ ಮುಂದೇನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಸಮತಟ್ಟಾದ ಕಾಂಕ್ರೀಟ್ ನೆಲ ಹುಡುಕಿ. ನುಣುಪು ಟೈಲ್ಸ್ ಮೇಲೆ ಜಾಕಿ ಜಾರುತ್ತದೆ, ಮಣ್ಣಲ್ಲಿ ಸ್ಟ್ಯಾಂಡ್ ಹೂತುಹೋಗುತ್ತದೆ.

ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು ಕೊಡಿ. ಹಿಂದಿನ ಹ್ಯಾಂಡ್‌ಬ್ರೇಕನ್ನು ನಂಬಬೇಡಿ, ನೀವು ಎತ್ತುತ್ತಿರುವುದೇ ಹಿಂಭಾಗ. ಹಿಂದಿನ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಒಮ್ಮೆ ಅಲುಗಾಡಿಸಿ ನೋಡಿ ಒಳಗೆ ಹೋಗಿ. ಬ್ಯಾಟರಿ ನೆಗೆಟಿವ್ ತೆಗೆಯಿರಿ. ಇಂಧನ ಟ್ಯಾಂಕ್, ಪೈಪ್, ಬ್ರೇಕ್ ಲೈನ್, ವೈರಿಂಗ್ ಎಲ್ಲೆಲ್ಲಿ ಹಾದುಹೋಗುತ್ತವೆ ಎಂದು ಮೊದಲೇ ಸೀಮೆಸುಣ್ಣದಿಂದ ಗುರುತು ಹಾಕಿ. ಗ್ರೈಂಡರ್ ಅಥವಾ ನಟ್ಟು ಕಾಯಿಸಲು ಗ್ಯಾಸ್ ಜ್ವಾಲೆ ಹಚ್ಚುವಾಗ ಪಕ್ಕದಲ್ಲಿ ಪುಡಿಯ ಅಗ್ನಿಶಾಮಕ ಇರಲಿ. ಪೆಟ್ರೋಲ್ ಟ್ಯಾಂಕ್ ಹಿಂದೆಯೇ ಇದ್ದರೆ ಗ್ಯಾಸ್ ಬಳಸುವ ಮಾತು ಬೇಡ, ಟ್ಯಾಂಕ್ ಇಳಿಸದೆ ಬೆಂಕಿ ಹಚ್ಚಬೇಡಿ. ಟ್ಯಾಂಕ್ ಖಾಲಿ ಇದೆ ಅಂತ ಧೈರ್ಯ ಬೇಡ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಬೇಗ ಹೊತ್ತಿಕೊಳ್ಳುತ್ತದೆ.

ಬೋಲ್ಟ್ ಬಿಚ್ಚುವುದು

ದಿನದ ಬಹುಪಾಲು ಹೋಗುವುದು ಇಲ್ಲೇ. ಎರಡು ದಿನ ಮುಂಚೆ ಶುರು ಮಾಡಿ. ಹೊರಗೆ ಚಾಚಿರುವ ಥ್ರೆಡ್‌ಗಳನ್ನು ತಂತಿ ಬ್ರಷ್‌ನಿಂದ ಹೊಳಪು ಬರುವವರೆಗೆ ಉಜ್ಜಿ. ಥ್ರೆಡ್ ಕೊಳೆ ಹಾಗೇ ಇದ್ದರೆ ನಟ್ಟು ಹಿಂದಕ್ಕೆ ಬರುವಾಗ ಅದನ್ನೇ ಎಳೆದುಕೊಂಡು ಅರ್ಧದಲ್ಲಿ ಕಚ್ಚುತ್ತದೆ. ಆಮೇಲೆ ಬೆಳಿಗ್ಗೆ ಸಂಜೆ ಪೆನೆಟ್ರೇಟಿಂಗ್ ಎಣ್ಣೆ ಬಿಡಿ. ಒಂದೊಂದು ಸಲವೂ ಬೋಲ್ಟ್ ತಲೆಗೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟರೆ ಎಣ್ಣೆ ಸಂದಿಗೆ ಇಳಿಯುತ್ತದೆ.

ಬಿಚ್ಚುವ ದಿನ ಮೊದಲು ಕೂದಲೆಳೆಯಷ್ಟು ಟೈಟ್ ಮಾಡಿ, ಆಮೇಲೆ ಲೂಸ್ ಮಾಡಿ. ಕಾಲು ಸುತ್ತು ಬಂದರೆ ಮತ್ತೆ ಒಳಕ್ಕೆ ತಿರುಗಿಸಿ, ಎಣ್ಣೆ ಬಿಟ್ಟು ಇನ್ನೂ ಸ್ವಲ್ಪ ಹೊರಕ್ಕೆ. ಬ್ರೇಕರ್ ಬಾರ್ ರಬ್ಬರಿನಂತೆ ಮೆತ್ತಗೆ ಬಾಗುತ್ತಾ ಬೋಲ್ಟ್ ತಿರುಗುತ್ತಿರುವಂತೆ ಅನ್ನಿಸಿದರೆ ನಿಲ್ಲಿಸಿ. ಅದು ಬಿಚ್ಚುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಇನ್ನರ್ಧ ಸುತ್ತು ತಿರುಗಿಸಿದರೆ ಮುರಿಯುತ್ತದೆ.

ಆಗ ಉಳಿಯುವುದು ಬಿಸಿ. ಕಾಯಿಸಬೇಕಾದ್ದು ನಟ್ಟು, ಬೋಲ್ಟ್ ಅಲ್ಲ. ನಟ್ಟು ಹಿಗ್ಗಿದರೆ ತುಕ್ಕಿನ ಹಿಡಿತ ಬಿಡುತ್ತದೆ. ಮಂದ ಕೆಂಪಾದ ಕೂಡಲೇ ಜ್ವಾಲೆ ತೆಗೆದು ಸಾಕೆಟ್ ಹಾಕಿ. ಎಣ್ಣೆ ಬಿಟ್ಟ ಬೋಲ್ಟನ್ನು ಒರೆಸದೆ ಕಾಯಿಸಿದರೆ ಹೊಗೆಯೂ ಬೆಂಕಿಯೂ ಬರುತ್ತವೆ. ಅಂಡರ್‌ಬಾಡಿ ಕೋಟಿಂಗ್ ಇದ್ದರೆ ಅಂಗೈ ಅಗಲ ಕೆರೆದು ತೆಗೆಯಿರಿ, ಅದು ಟಾರಿನಂತೆ ಹೊತ್ತುತ್ತದೆ.

ಇದಕ್ಕಿಂತ ತಲೆನೋವು ಚಾಸಿಯೊಳಗೆ ಬೆಸೆದ ನಟ್ಟು ಕಿತ್ತು ಬೋಲ್ಟ್ ಜೊತೆಗೇ ತಿರುಗುವುದು. ಬೋಲ್ಟ್ ಸುತ್ತುತ್ತಲೇ ಇರುತ್ತದೆ, ಹೊರಗೆ ಬರುವುದಿಲ್ಲ, ಒಳಗೆ ಹಿಡಿಯಲು ಕೈ ಹೋಗುವುದಿಲ್ಲ. ಅದರ ಜೊತೆ ಗುದ್ದಾಡಬೇಡಿ. ಗ್ರೈಂಡರ್‌ನಲ್ಲಿ ತಲೆಯನ್ನು ಕತ್ತರಿಸಿ, ಪಂಚ್‌ನಿಂದ ಬೋಲ್ಟನ್ನು ಒಳಕ್ಕೆ ಬೀಳಿಸಿ, ಚಾಸಿಯ ತೆರೆದ ತುದಿಯಿಂದ ಆಯಸ್ಕಾಂತ ಬಿಟ್ಟು ಎಳೆದುಕೊಳ್ಳಿ. ಅದರ ಬದಲಿಗೆ 6 ಮಿ.ಮೀ. ದಪ್ಪದ ಪಟ್ಟಿ ತೆಗೆದುಕೊಂಡು, ತೂತುಗಳ ಅಂತರಕ್ಕೆ ಸರಿಯಾಗಿ ಎರಡು ನಟ್ಟು ಬೆಸೆಯಿರಿ. ಪಟ್ಟಿಯ ತುದಿಗೆ ಬೈಂಡಿಂಗ್ ವೈರ್ ಕಟ್ಟಿ ಚಾಸಿಯೊಳಗೆ ಬಿಟ್ಟು, ಬೋಲ್ಟ್ ತೂತಿನಿಂದ ತಂತಿ ಎಳೆದರೆ ನಟ್ಟು ತೂತಿನ ನೇರಕ್ಕೆ ಬಂದು ನಿಲ್ಲುತ್ತದೆ. ಎರಡು ನಟ್ಟು ಒಂದೇ ಪಟ್ಟಿಯಲ್ಲಿರುವುದರಿಂದ ತಿರುಗುವುದಿಲ್ಲ, ಭಾರವೂ ಹರಡುತ್ತದೆ. ಕಂಪನಿ ಬೆಸೆದದ್ದಕ್ಕಿಂತ ಇದೇ ಗಟ್ಟಿ.

ಬೋಲ್ಟ್ ಚಾಸಿಗೆ ಸಮವಾಗಿ ಮುರಿದಿದ್ದರೆ ಅದರ ಮೇಲೆ ನಟ್ಟು ಇಟ್ಟು ನಡುವೆ ಬೆಸೆದು ತಿರುಗಿಸಿ ನೋಡಿ, ಬೆಸುಗೆಯ ಬಿಸಿಯೇ ಅರ್ಧ ಕೆಲಸ ಮಾಡುತ್ತದೆ. ಆಗದಿದ್ದರೆ ಸರಿಯಾಗಿ ನಡುವೆ ಪಂಚ್ ಹೊಡೆದು 4, 6, 8 ಎಂದು ಹಂತ ಹಂತವಾಗಿ ಕೊರೆಯಿರಿ. ಎಂ12 × 1.75 ಮತ್ತೆ ಟ್ಯಾಪ್ ಮಾಡಲು 10.2ರ ಬಿಟ್, 1.25ಕ್ಕೆ 10.8. ನಿಧಾನ ವೇಗ, ಕಟಿಂಗ್ ಆಯಿಲ್. ಈಸಿ ಔಟ್ (ಮುರಿದ ಬೋಲ್ಟ್ ತೆಗೆಯುವ ಸಾಧನ) ಹಾಕಿ ಬಲ ಹಾಕಿದರೆ ಅದು ಒಳಗೇ ಮುರಿಯುತ್ತದೆ, ಆ ಗಟ್ಟಿ ಉಕ್ಕನ್ನು ಯಾವ ಸಾಮಾನ್ಯ ಬಿಟ್ಟೂ ಕೊರೆಯುವುದಿಲ್ಲ.

ಕೊನೆಯ ಎರಡು ಬೋಲ್ಟ್ ಬಿಚ್ಚುವ ಮೊದಲು ಬಾರ್ ಕೆಳಗೆ ಮರದ ತುಂಡಿಟ್ಟು ಎರಡನೇ ಜಾಕಿ ಕೊಡಿ. ಬಾರ್ ಭಾರವಾದದ್ದು, ಮುಖದ ನೇರಕ್ಕೆ ಬೀಳುತ್ತದೆ.

ಚಾಸಿಯ ತುದಿ

ಒಳಗಿನ ಮಣ್ಣನ್ನು ಮೊದಲು ಒಣದಾಗಿ ಕೆರೆದು ತೆಗೆದು, ಆಮೇಲೆ ಪ್ರೆಷರ್ ವಾಷರ್ ಹಿಡಿಯಿರಿ. ನೀರಿಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ. ಪೂರ್ತಿ ಒಂದು ದಿನ ಒಣಗಲಿ, ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಾದರೆ ಎರಡು ದಿನ.

ಬೆಸುಗೆ ಬೇಕಾದರೆ ಚಾಸಿ ಕೆಲಸ ಬಲ್ಲವರಿಂದಲೇ ಮಾಡಿಸಿ, ಎರಡು ಮಾತು ಹೇಳಿ ಮಾಡಿಸಿ. ಕೊಳೆತ ತಗಡಿನ ಮೇಲೆ ಪ್ಯಾಚ್ ಹಾಕಕೂಡದು, ಚೆನ್ನಾದ ಲೋಹ ಸಿಗುವವರೆಗೆ ಕತ್ತರಿಸಬೇಕು. ಆರ್ಕ್ ಬೆಸುಗೆಯಾದರೆ 7018 ಬೆಸುಗೆ ರಾಡ್ ಒಣದಾಗಿರಬೇಕು. ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್‌ನ ರಾಡ್ ತೇವ ಹೀರಿರುತ್ತದೆ, ಬೆಸುಗೆಯಲ್ಲಿ ಗಾಳಿಗುಳ್ಳೆ, ಬಿರುಕು ಬರುತ್ತವೆ. ಚಾಸಿ ನಂಬರ್ ಕೊರೆದಿರುವ ಜಾಗಕ್ಕೆ ಗ್ರೈಂಡರ್ ತಾಗಲೇಬಾರದು. 15 ವರ್ಷದ ನಂತರ ಆರ್‌ಸಿ ನವೀಕರಣಕ್ಕೆ ಆರ್‌ಟಿಒಗೆ ಹೋದಾಗ ಮೊದಲು ನೋಡುವುದೇ ಅದನ್ನು. ಇನ್ನೊಂದು ವಿಷಯ: ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಇದ್ದ ಅಳತೆಯ ಬಾರ್ ಬದಲಿಸುವುದೇ ಒಳ್ಳೆಯದು, ಇಲ್ಲದ್ದನ್ನು ಸೇರಿಸಿ ಗಾಡಿಯ ಉದ್ದ ಹೆಚ್ಚಿಸಬೇಡಿ.

ಬಣ್ಣಕ್ಕೆ ಬರೀ ರೆಡ್ ಆಕ್ಸೈಡ್ ಸಾಲದು. ರಸ್ಟ್ ಕನ್ವರ್ಟರ್, ಅದರ ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಬಣ್ಣ. ಚಾಸಿಯ ಒಳಗೆ ಕ್ಯಾವಿಟಿ ವ್ಯಾಕ್ಸ್. ಆದರೆ ಬಾರ್ ಪ್ಲೇಟೂ ಚಾಸಿಯೂ ಮುಟ್ಟುವ ಮುಖಕ್ಕೆ ಪ್ರೈಮರ್ ಒಂದೇ ತೆಳುವಾಗಿ. ಅಲ್ಲಿ ದಪ್ಪ ಬಣ್ಣವೋ ಪೌಡರ್ ಕೋಟಿಂಗೋ ಇದ್ದರೆ ಬೋಲ್ಟ್ ಒತ್ತಡಕ್ಕೆ ಅದು ಹಿಸುಕಿಕೊಂಡು, ಒಂದು ತಿಂಗಳಲ್ಲಿ ಬೋಲ್ಟ್ ತಾನಾಗಿ ಸಡಿಲವಾಗುತ್ತದೆ.

ಕೂರಿಸುವುದು

ಬಾರ್ ಎತ್ತಿ ಎಲ್ಲ ಬೋಲ್ಟ್‌ಗಳನ್ನೂ ಕೈಯಲ್ಲೇ ನಾಲ್ಕೈದು ಸುತ್ತು ಹಾಕಿ. ಒಂದನ್ನೂ ಮೊದಲೇ ಟೈಟ್ ಮಾಡಬೇಡಿ. ಕೊನೆಯ ತೂತು ಕೂಡದಿದ್ದರೆ ಅರದಿಂದ ಬಾರ್‌ನ ತೂತನ್ನು ತಿದ್ದಿ, ಚಾಸಿಯದನ್ನಲ್ಲ.

ಬೋಲ್ಟ್ ಚಾಸಿಯ ಎರಡೂ ಗೋಡೆ ದಾಟುವಂತಿದ್ದರೆ ಒಳಗೆ ತೋಳು (ಸ್ಲೀವ್) ಹಾಕಲೇಬೇಕು: ಎಂ12ಕ್ಕೆ ಒಳವ್ಯಾಸ 13, ಹೊರವ್ಯಾಸ 19 ಮಿ.ಮೀ. ಪೈಪು, ಗೋಡೆಗಳ ನಡುವಿನ ಅಂತರಕ್ಕೆ ಸರಿಯಾಗಿ ಕತ್ತರಿಸಿದ್ದು. ಇಲ್ಲದಿದ್ದರೆ ಟೈಟ್ ಮಾಡಿದಷ್ಟೂ ಚಾಸಿ ಡಬ್ಬದಂತೆ ಒಳಗೆ ಬಾಗುತ್ತದೆ, ಟಾರ್ಕ್ ರೆಂಚ್ ಮಾತ್ರ ಟಕ್ ಅನ್ನುವುದೇ ಇಲ್ಲ.

ಗಾಡಿಯ ಮ್ಯಾನುಯಲ್‌ನಲ್ಲಿ ಟಾರ್ಕ್ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಒಣ ಥ್ರೆಡ್‌ಗೆ ಎಂ12 × 1.75ರ 8.8 ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್, 10.9ಕ್ಕೆ 115, ಎಂ14 × 2ರ 8.8ಕ್ಕೆ 130. ಆಂಟಿ ಸೀಜ್ (ಥ್ರೆಡ್ ಕಚ್ಚದಂತೆ ಹಚ್ಚುವ ಪೇಸ್ಟ್) ಹಚ್ಚಿದರೆ ಕಾಲು ಭಾಗದಷ್ಟು ಇಳಿಸಿ. ಜಾರು ಥ್ರೆಡ್ ಅದೇ ಟಾರ್ಕ್‌ಗೆ ಬೋಲ್ಟನ್ನು ಹೆಚ್ಚು ಹಿಗ್ಗಿಸುತ್ತದೆ. ಮೂಲೆಯಿಂದ ಮೂಲೆಗೆ, ಮೊದಲು ಅರ್ಧ, ಆಮೇಲೆ ಪೂರ್ತಿ. ನೈಲಾಕ್ ನಟ್ಟು (ಒಳಗೆ ನೈಲಾನ್ ಉಂಗುರವಿರುವುದು) ಒಂದು ಸಲಕ್ಕೆ ಮಾತ್ರ.

ಟ್ರೇಲರ್ ಏಳು ಪಿನ್ನಿನ ಸಾಕೆಟ್‌ನಲ್ಲಿ ಬಿಳಿ ವೈರ್ ಅರ್ತ್, ಮೂರನೇ ಪಿನ್. ಅದನ್ನು ಹೊಸ ಬಣ್ಣದ ಬಾರ್‌ಗೆ ಸಿಕ್ಕಿಸಬೇಡಿ, ಚಾಸಿಯ ಬೋಳು ಲೋಹಕ್ಕೆ ಹಾಕಿ. ಇಂಡಿಕೇಟರ್ ಹಾಕಿದರೆ ಟೈಲ್ ಲ್ಯಾಂಪೂ ಮಿನುಗುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಕೆಸರಲ್ಲಿ ಸಿಕ್ಕ ಗಾಡಿಯನ್ನು ಟೋ ಬಾಲ್‌ಗೆ ಹಗ್ಗ ಹಾಕಿ ಎಳೆಯಬೇಡಿ. 50 ಮಿ.ಮೀ. ಬಾಲ್ ಇರುವುದು ಟ್ರೇಲರಿಗೆ. ಜೋರು ಎಳೆತಕ್ಕೆ ಅದರ ಕತ್ತು ಮುರಿದರೆ ಹಗ್ಗದ ಜೊತೆ ಗುಂಡಿನಂತೆ ಹಾರಿ ಗಾಜು ಸೀಳಿಕೊಂಡು ಒಳಗೆ ಬರುತ್ತದೆ. ಎಳೆಯಲು ರೇಟೆಡ್ ಷ್ಯಾಕಲ್ ಹಾಕುವ ಕಣ್ಣು ಬಾರ್‌ನಲ್ಲೇ ಬೇರೆ ಇರಲಿ.

ಟೈಟ್ ಮಾಡಿದ ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯಿರಿ. ನಮ್ಮ ರಸ್ತೆಯ ಹಂಪುಗಳ ಮೇಲೆ 100 ಕಿ.ಮೀ. ಓಡಿಸಿ ಕೆಳಗೆ ಬಗ್ಗಿ ನೋಡಿ, 500ಕ್ಕೆ ಇನ್ನೊಮ್ಮೆ. ಗೆರೆ ಮುರಿದಿದ್ದರೆ ಆ ನಟ್ಟು ಜರುಗಿದೆ. ಬಿಚ್ಚಿ ಮುಖ ನೋಡಿ, ಬಣ್ಣ ಹಿಸುಕಿದ್ದರೆ ಕೆರೆದು, ಹೊಸ ನಟ್ಟು ಹಾಕಿ ಮತ್ತೆ ಟಾರ್ಕ್ ಕೊಡಿ.