ನಾಲಿಗೆಯೊಳಗಿನ ಎಲುಬು ಮತ್ತು ಇಡಿಟಿಎ: ನನ್ನ ಅನುಭವ

ಎಲುಬಿರುವ ತುಣುಕನ್ನು ಸ್ಲೈಡಿಗೆ ತೆಳುವಾಗಿ ಕೊಯ್ಯಬೇಕಾದರೆ ಮೊದಲು ಕ್ಯಾಲ್ಸಿಯಂ ತೆಗೆದು ಮೆತ್ತಗೆ ಮಾಡಬೇಕು. ಅದಕ್ಕೆಂದು ವಿಜಯಪುರದ ಬೇಸಿಗೆಯಲ್ಲಿ ಸಣ್ಣ ಬಯಾಪ್ಸಿಗೆ ನೈಟ್ರಿಕ್ ಆಸಿಡ್ ಹಾಕಬೇಡಿ. 40 ಡಿಗ್ರಿಯ ಕೋಣೆಯಲ್ಲಿ ಎಲುಬು ಬೇಗ ಮೆತ್ತಗಾಗುತ್ತದೆ, ನಿಜ. ಆದರೆ ಕೋಶದ ನ್ಯೂಕ್ಲಿಯಸ್ ಉಳಿಯುವುದಿಲ್ಲ. ಹೆಮಟಾಕ್ಸಿಲಿನ್‌ನಲ್ಲಿ (ನ್ಯೂಕ್ಲಿಯಸ್ಸಿಗೆ ನೀಲಿ ಬಣ್ಣ ಕೊಡುವ ದ್ರಾವಣ) ಎಷ್ಟು ಹೊತ್ತು ಇಟ್ಟರೂ ಸ್ಲೈಡ್ ಪೂರ್ತಿ ಗುಲಾಬಿ.

ನನಗೆ ಬಂದದ್ದು ನಾಲಿಗೆಯ ಹಿಂಭಾಗದ ಗಡ್ಡೆ, ಶೇಂಗಾ ಬೀಜದಷ್ಟು. ಇಂಡಿ ಕಡೆಯ ಹೆಣ್ಣುಮಗಳು, ನುಂಗುವಾಗ ಏನೋ ತಡೆದಂತಾಗುತ್ತದೆ ಅನ್ನುತ್ತಿದ್ದರು. ಫೊರಾಮೆನ್ ಸೀಕಮ್ (ನಾಲಿಗೆಯ ಹಿಂಭಾಗದ ನಡುವಿನ ಸಣ್ಣ ಕುಳಿ) ಪಕ್ಕ ಅಂದರೆ ಮೊದಲು ಲಿಂಗ್ವಲ್ ಥೈರಾಯ್ಡ್, ಅಂದರೆ ಕುತ್ತಿಗೆಗೆ ಇಳಿಯದೆ ನಾಲಿಗೆಯಲ್ಲೇ ಉಳಿದ ಥೈರಾಯ್ಡ್ ಗ್ರಂಥಿಯ ಅನುಮಾನ ಬರಬೇಕು, ಅಲ್ವಾ? ಸರ್ಜನ್ ಸೋನೋಗ್ರಫಿ ಮಾಡಿಸಿ, ಥೈರಾಯ್ಡ್ ಕುತ್ತಿಗೆಯಲ್ಲೇ ಇದೆ ಎಂದು ನೋಡಿಕೊಂಡೇ ಕೊಯ್ದರು.

ಒಳಗೆ ಗಟ್ಟಿ. ಸುಮ್ನೆ ಕ್ಯಾಲ್ಸಿಯಂ ಕೂತಿದೆಯೋ, ನಿಜವಾದ ಎಲುಬೋ? ಹೇಳಬೇಕಾದರೆ ಆಸ್ಟಿಯೋಸೈಟ್ (ಎಲುಬಿನ ಕೋಶ), ಹ್ಯಾವರ್ಸಿಯನ್ ನಾಳ (ಎಲುಬಿನೊಳಗೆ ರಕ್ತನಾಳ ಸಾಗುವ ಕೊಳವೆ) ಕಣ್ಣಿಗೆ ಕಾಣಲೇಬೇಕು.

ನಾನು ಇಡಿಟಿಎ ಅಂದೆ, ಕ್ಯಾಲ್ಸಿಯಂ ಅನ್ನು ನಿಧಾನಕ್ಕೆ ಹಿಡಿದು ಹೊರತೆಗೆಯುವ ರಾಸಾಯನಿಕ. "ವಾರಗಟ್ಟಲೆ ಯಾರು ಕಾಯ್ತಾರ್ರೀ ಡಾಕ್ಟ್ರೇ?" ಅಂದರು ಜೊತೆಯವರು. ಅವರ ಮಾತಿಗೂ ಕಾರಣವಿತ್ತು, ರಿಪೋರ್ಟಿಗೆ ಮನೆಯವರ ಫೋನ್ ದಿನಾ ಬರುತ್ತಿತ್ತು. ಹಾಗಾಗಿ ಮೇಲಿನ ಮೆತ್ತನೆಯ ಹೊದಿಕೆಯನ್ನು ಬೇರೆ ಮಾಡಿ ಮೊದಲೇ ಪ್ರೊಸೆಸ್ ಮಾಡಿದೆ. ಕೆಟ್ಟ ಕೋಶ ಇರಲಿಲ್ಲ. ಅಷ್ಟು ತಿಳಿಸಿದ ಮೇಲೆ ಎಲ್ಲರೂ ಕಾಯಲು ಒಪ್ಪಿದರು.

ಇದಕ್ಕೂ ಮೊದಲು ಕುರಿ ದವಡೆಯ ಚೂರುಗಳ ಮೇಲೆ ಬಹಳ ಪ್ರಯೋಗ ಮಾಡಿದ್ದೆ. ಶೇ. 5ರ ನೈಟ್ರಿಕ್‌ನಲ್ಲಿ ಅಂಚು ಊದಿಕೊಂಡಿತು. ಶೇ. 10ರ ಫಾರ್ಮಿಕ್ ಆಸಿಡ್ ಪರವಾಗಿರಲಿಲ್ಲ, ಆದರೆ ಬೇಗ ತೆಗೆದ ಚೂರಿನ ನಡುಭಾಗ ಗಟ್ಟಿಯಾಗೇ ಉಳಿದು ಮೈಕ್ರೋಟೋಮ್ (ತೆಳು ಪದರ ಕೊಯ್ಯುವ ಯಂತ್ರ) ಬ್ಲೇಡಿನ ಬಾಯಿ ಹೋಯಿತು. ಒಂದು ಬ್ಲೇಡಿಗೆ 200 ರೂಪಾಯಿ ಹತ್ತಿರ. ಆ ತಿಂಗಳು ಬ್ಲೇಡಿಗೆ ಸುರಿದ ದುಡ್ಡಿನಲ್ಲಿ ಇಡಿಟಿಎ ಡಬ್ಬಿಯೇ ಬರುತ್ತಿತ್ತು. ಒಮ್ಮೆ ಕಿತ್ತ ಹಲ್ಲನ್ನೂ ಇಡಿಟಿಎಯಲ್ಲಿ ಇಟ್ಟು ನೋಡಿದೆ. ಹಲ್ಲಿನ ಮೇಲ್ಪದರ ಎನಾಮೆಲ್ ಕರಗಿಯೇ ಹೋಗುತ್ತದೆ, ಒಳಪದರ ಡೆಂಟಿನ್ ಮಾತ್ರ ಚೆನ್ನಾಗಿ ಬರುತ್ತದೆ.

ಗಡ್ಡೆಗೆ ಶೇ. 14ರ ದ್ರಾವಣ, ಪಿಎಚ್ 7.4ರ ಸುಮಾರು. ದಿನ ಬಿಟ್ಟು ದಿನ ಹೊಸದು. ಮುಗಿಯಿತೋ ಇಲ್ಲವೋ ಎಂದು ಸೂಜಿ ಚುಚ್ಚಿ ನೋಡಬೇಡಿ, ತೂತು ಸ್ಲೈಡಿನಲ್ಲೂ ಕಾಣುತ್ತದೆ. ಹಲ್ಲಿನ ಕ್ಲಿನಿಕ್ಕಿನ ಆರ್‌ವಿಜಿ (ಡಿಜಿಟಲ್ ಎಕ್ಸ್‌ರೇ) ಸೆನ್ಸರ್ ಮೇಲೆ ಚೂರು ಇಟ್ಟು ಎಕ್ಸ್‌ರೇ ತೆಗೆಯಿರಿ. ಬಿಳಿ ಚುಕ್ಕೆ ಪೂರ್ತಿ ಹೋಗುವವರೆಗೆ ಕಾಯಿರಿ. ನನಗೆ ಹತ್ತಿರಹತ್ತಿರ ಮೂರು ವಾರ ಹಿಡಿಯಿತು.

ಸ್ಲೈಡಿನಲ್ಲಿ ಲ್ಯಾಮೆಲ್ಲಾ (ಎಲುಬಿನ ಪದರ) ಸಾಲುಸಾಲಾಗಿ, ಪ್ರತಿ ಲಕ್ಯೂನಾದೊಳಗೆ (ಎಲುಬಿನ ಕೋಶ ಕೂರುವ ಗೂಡು) ನೀಲಿ ನ್ಯೂಕ್ಲಿಯಸ್. ನಮ್ಮ ಲ್ಯಾಬಿನಲ್ಲಿ ಅಂಥ ಎಲುಬಿನ ಸ್ಲೈಡ್ ಅದಕ್ಕೆ ಮುಂಚೆ ಆಗಿರಲಿಲ್ಲ. ಆಸಿಯಸ್ ಕೊರಿಸ್ಟೋಮಾ, ಅಂದರೆ ಇರಬಾರದ ಜಾಗದಲ್ಲಿ ಬೆಳೆದ ಸಹಜ ಎಲುಬಿನ ಗಡ್ಡೆ, ಎಂದು ರಿಪೋರ್ಟ್ ಬರೆದೆ. ಪೂರ್ತಿ ತೆಗೆದರೆ ಇದು ಮತ್ತೆ ಬರುವುದು ತೀರಾ ಅಪರೂಪ, ಬೇರೆ ಚಿಕಿತ್ಸೆ ಬೇಕಿಲ್ಲ. ಅಂದು ಬೇಡ ಅಂದವರೇ ಈಗ ತಮ್ಮ ಗಟ್ಟಿ ಚೂರುಗಳನ್ನು ನನಗೆ ಕಳಿಸುತ್ತಿದ್ದಾರೆ.