ಹಳೆ ಪೋಲೋ, ಪುಂಟೋ, ಕ್ಲಿಯೋ: ಇಟ್ಕೊಳ್ಳೋದು ಹೇಗೆ, ಬಿಡೋದು ಯಾವಾಗ

ಹತ್ತು ಹನ್ನೆರಡು ವರ್ಷ ದಾಟಿದ ಪೋಲೋನೋ ಫ್ಯಾಬಿಯಾನೋ ಪುಂಟೋನೋ ಕ್ಲಿಯೋನೋ ಅಂಥ ಚಿಕ್ಕ ಯುರೋಪಿಯನ್ ಕಾರು ಇಟ್ಕೊಂಡೋರಿಗೆ ಸಿಕ್ಕೋರೆಲ್ಲಾ ಹೇಳೋದು ಒಂದೇ ಮಾತು, ಮಾರ್ಬಿಡಿ ಇನ್ಮೇಲೆ ಬರೀ ಖರ್ಚು ಅಂತ. ಅರ್ಧ ನಿಜ ಅದು. ಈ ಗಾಡಿಗಳ ಇಂಜಿನ್ ಬ್ಲಾಕು, ಬಾಡಿ ಎಲ್ಲಾ ಗಟ್ಟಿನೇ, ಮೊದಲು ಕೈಕೊಡೋದು ಸುತ್ತ ಇರೋ ರಬ್ಬರು ಪ್ಲಾಸ್ಟಿಕ್ಕು. ಅದನ್ನ ಟೈಮಿಗೆ ಸರಿಯಾಗಿ ಬದಲಾಯಿಸ್ತಾ ಹೋದ್ರೆ ಇನ್ನೂ ಸುಮಾರು ವರ್ಷ ಓಡಿಸಬಹುದು, ನೋಡೋಣ ನೋಡೋಣ ಅಂತ ಮುಂದಕ್ಕೆ ತಳ್ಳಿದ್ರೆ ಒಂದು ಚಿಕ್ಕ ಪ್ಲಾಸ್ಟಿಕ್ ಪೈಪು ಇಡೀ ಇಂಜಿನ್ನನ್ನೇ ನುಂಗಿ ಹಾಕತ್ತೆ. ಮತ್ತೆ ಗಾಡಿನ ಯಾವಾಗ ಬಿಡ್ಬೇಕು ಅನ್ನೋದನ್ನ ಅದು ಚೆನ್ನಾಗಿ ಓಡ್ತಿರುವಾಗ್ಲೇ ಕೂತು ತೀರ್ಮಾನ ಮಾಡ್ಕೊಳ್ಳಿ, ಟೋಯಿಂಗ್ ಗಾಡಿ ಹಿಂದೆ ಗ್ಯಾರೇಜಿಗೆ ಹೋಗ್ತಾ ತಗೊಳ್ಳೋ ತೀರ್ಮಾನ ಯಾವತ್ತೂ ದುಬಾರಿ.

ಮೊದಲ ಕೆಲಸ, ನಿಮ್ಮ ಗಾಡಿ ಇಂಜಿನ್ ಕೋಡ್ ಯಾವುದು ಅಂತ ತಿಳ್ಕೊಳ್ಳಿ. ಮಾಡೆಲ್ ಹೆಸರು, ಸಿಸಿ ಇಷ್ಟು ಗೊತ್ತಿದ್ರೆ ಸಾಲಲ್ಲ. 1.2 ಪೆಟ್ರೋಲ್ ಪೋಲೋನೇ ತಗೊಳ್ಳಿ, ಅದರೊಳಗೆ ಮೂರು ಸಿಲಿಂಡರಿನ ಸಾದಾ ಇಂಜಿನ್ ಇರಬಹುದು, ಟೈಮಿಂಗ್ ಚೈನ್ ಇರೋ ಮೊದಲಿನ ಟಿಎಸ್‌ಐ ಅನ್ನೋ ಟರ್ಬೋ ಇಂಜಿನ್ ಇರಬಹುದು, ಬೆಲ್ಟ್ ಇರೋ ಆಮೇಲಿನ ಟಿಎಸ್‌ಐ ಇರಬಹುದು, ಮೂರರ ಕಾಯಿಲೆನೂ ಬೇರೆ ಬೇರೆ. ಫೋಕ್ಸ್‌ವ್ಯಾಗನ್, ಸ್ಕೋಡಾ, ಸೀಟ್ ಈ ಮೂರು ಕಂಪನಿ ಗಾಡಿ ಆದ್ರೆ ಸರ್ವಿಸ್ ಬುಕ್ಕಲ್ಲಿ ಮತ್ತೆ ಡಿಕ್ಕಿಲಿ ಸ್ಟೆಪ್ನಿ ಇಡೋ ಜಾಗದ ಹತ್ರ ಒಂದು ಸ್ಟಿಕ್ಕರ್ ಅಂಟಿಸಿರ್ತಾರೆ, ಅದರಲ್ಲಿ ಇಂಜಿನ್ ಕೋಡ್, ಗೇರ್‌ಬಾಕ್ಸ್ ಕೋಡ್ ಎರಡೂ ಇರತ್ತೆ. ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ, ಪಾರ್ಟ್ಸ್ ಅಂಗಡಿಯವರ ಹತ್ರ ಅರ್ಧ ವಾದ ಅಲ್ಲೇ ಮುಗಿಯತ್ತೆ.

ಕೋಡ್ ಗೊತ್ತಾದ್ಮೇಲೆ ಕೇಳ್ಬೇಕಾದ ಪ್ರಶ್ನೆ, ಟೈಮಿಂಗ್ ಬೆಲ್ಟಾ ಚೈನಾ, ಅಂದ್ರೆ ಇಂಜಿನ್ ವಾಲ್ವುಗಳನ್ನ ಟೈಮಿಗೆ ಸರಿಯಾಗಿ ತೆರೆದು ಮುಚ್ಚಿಸೋದು ಯಾವುದು ಅಂತ. ಬೆಲ್ಟ್ ಆದ್ರೆ ಕಂಪನಿ ಹೇಳಿರೋ ಕಿಲೋಮೀಟರ್ ಮಾತ್ರ ನೋಡ್ಬೇಡಿ, ವರ್ಷನೂ ನೋಡಿ, ಎರಡರಲ್ಲಿ ಯಾವುದು ಮೊದಲು ಬರತ್ತೋ ಅದೇ ಲೆಕ್ಕ. ಕಡಿಮೆ ಓಡಿದೆ ಅಂತ ಬೆಲ್ಟಿಗೆ ವಯಸ್ಸು ಆಗದೇ ಇರಲ್ಲ. ಹಿಂದಿನ ಮಾಲೀಕರು ಹಾಕ್ಸಿದ್ದಾರೆ ಅನ್ನೋದಕ್ಕೆ ಬಿಲ್ ಇಲ್ಲ ಅಂದ್ರೆ ಹಾಕ್ಸಿಲ್ಲ ಅಂತನೇ ತಿಳ್ಕೊಂಡು ಹಾಕ್ಸಿ. ಬರೀ ಬೆಲ್ಟ್ ಹಾಕ್ಸಬೇಡಿ, ಬೆಲ್ಟ್ ಬಿಗಿ ಹಿಡಿಯೋ ಟೆನ್ಷನರ್, ಅದನ್ನ ದಾರಿಲಿ ಇಡೋ ಐಡ್ಲರ್, ವಾಟರ್ ಪಂಪ್ ಎಲ್ಲಾ ಒಟ್ಟಿಗೆ ಹಾಕ್ಸಿ, ಏಕೆಂದ್ರೆ ಕೂಲಿ ಹೋಗೋದು ಬಿಚ್ಚಿ ಕೂರಿಸೋದಕ್ಕೆ, ವಾಟರ್ ಪಂಪ್ ಆರು ತಿಂಗಳಾದ್ಮೇಲೆ ಸೋರಿದ್ರೆ ಅದೇ ಕೂಲಿ ಇನ್ನೊಂದ್ಸಲ. ರೆನೋದ 1.6 ಹದಿನಾರು ವಾಲ್ವಿನ ಕೆ4ಎಂ ಇಂಜಿನ್ ಇದ್ರೆ ಕೆಲವದರಲ್ಲಿ ಡಿಫೇಸರ್ ಪುಲ್ಲಿ ಅಂತ ವಾಲ್ವಿನ ಟೈಮನ್ನ ಹಿಂದೆಮುಂದೆ ಮಾಡೋ ಚಕ್ರ ಒಂದಿರತ್ತೆ, ಸ್ಟಾರ್ಟ್ ಮಾಡಿದಾಗ ಡೀಸೆಲ್ ಥರ ಕಟಕಟ ಅಂತಿದ್ರೆ ಬೆಲ್ಟ್ ಜೊತೆ ಅದನ್ನೂ ಬದಲಾಯಿಸಿ.

ಇತ್ತೀಚಿನ ಚಿಕ್ಕ ಗಾಡಿಗಳಲ್ಲಿ ಇನ್ನೊಂದು ತಲೆನೋವು ಸೇರ್ಕೊಂಡಿದೆ, ಆಯಿಲ್ ಒಳಗೇ ಓಡೋ ಬೆಲ್ಟು. ಫೋರ್ಡಿನ 1.0 ಇಕೋಬೂಸ್ಟ್, ಪೆಜೋ ಸಿಟ್ರೋಯೆನ್‌ಗಳ 1.2 ಪ್ಯೂರ್‌ಟೆಕ್ ಎರಡರಲ್ಲೂ ಇದಿತ್ತು. ತಪ್ಪು ಆಯಿಲ್ ಹಾಕಿದ್ರೆ, ಇಲ್ಲಾ ಆಯಿಲ್ ಚೇಂಜ್ ತಡ ಮಾಡಿದ್ರೆ ಬೆಲ್ಟ್ ಉಬ್ಬತ್ತೆ, ಸಿಪ್ಪೆ ಸಿಪ್ಪೆಯಾಗಿ ಉದುರತ್ತೆ, ಆ ಚೂರು ಹೋಗಿ ಆಯಿಲ್ ಪಂಪಿನ ಜಾಲರಿಗೆ ಕಟ್ಕೊಳ್ಳತ್ತೆ, ಆಯಿಲ್ ಪ್ರೆಷರ್ ಬೀಳತ್ತೆ, ಕೊನೆಗೆ ಇಂಜಿನ್ ಜಾಮ್. ಪ್ಯೂರ್‌ಟೆಕ್‌ನಲ್ಲಿ ಒಂದು ಅನುಕೂಲ ಏನಂದ್ರೆ ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಬೆಲ್ಟ್ ಕಣ್ಣಿಗೆ ಕಾಣತ್ತೆ, ಅದರ ಅಗಲ ಅಳೆಯೋಕೆ ಗ್ಯಾರೇಜಲ್ಲಿ ಒಂದು ಗೇಜ್ ಇರತ್ತೆ, ಗೇಜ್ ಒಳಗೆ ಕೂರ್ಲಿಲ್ಲ ಅಂದ್ರೆ ಬೆಲ್ಟ್ ಉಬ್ಬಿದೆ ಅಂತ. ಪ್ರತಿ ಆಯಿಲ್ ಚೇಂಜಲ್ಲೂ ಇದನ್ನ ಮಾಡಿಸಿ.

ಚೈನ್ ಇದ್ರೆ ಜೀವಮಾನ ಪೂರ್ತಿ ಬರತ್ತೆ ಅಂತಾರಲ್ಲ, ಯಾರ ಜೀವಮಾನ ಅಂತ ಮಾತ್ರ ಹೇಳಲ್ಲ. ಫಿಯೆಟಿನ 1.3 ಮಲ್ಟಿಜೆಟ್ ಡೀಸೆಲ್, ಫೋಕ್ಸ್‌ವ್ಯಾಗನ್ನಿನ ಮೊದಲಿನ 1.2 ಟಿಎಸ್‌ಐ, ಮಿನಿ ಮತ್ತೆ ಪೆಜೋದ 1.6 ಟರ್ಬೋ ಎಲ್ಲಾ ಚೈನ್ ಇಂಜಿನ್‌ಗಳೇ. ಇದನ್ನ ಪರೀಕ್ಷೆ ಮಾಡೋಕೆ ಮೆಕ್ಯಾನಿಕ್ ಬೇಡ. ರಾತ್ರಿಯೆಲ್ಲಾ ನಿಂತಿರೋ ಗಾಡಿ, ಬೆಳಿಗ್ಗೆ ಬಾನೆಟ್ ಎತ್ತಿ ಚೈನ್ ಇರೋ ಪಕ್ಕ ನಿಂತ್ಕೊಳ್ಳಿ, ಬೇರೆಯವರಿಗೆ ಸ್ಟಾರ್ಟ್ ಮಾಡೋಕೆ ಹೇಳಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ. ಮೊದಲ ಸೆಕೆಂಡಲ್ಲಿ ಒಂದ್ಸಲ ಕರ್ ಅಂದು ಸುಮ್ಮನಾದ್ರೆ ಆಯಿಲ್ ಮೇಲೆ ಬರೋ ತನಕದ ಸದ್ದು ಅದು, ಎರಡು ಮೂರು ಸೆಕೆಂಡ್ ಆದ್ರೂ ಬಡಿತಾನೇ ಇದ್ರೆ ಟೆನ್ಷನರ್ ಸೋತಿದೆ ಇಲ್ಲಾ ಚೈನ್ ಉದ್ದ ಆಗಿದೆ. ಎರಡು ಮೂರು ತಿಂಗಳಿಗೊಮ್ಮೆ ಹೀಗೆ ರೆಕಾರ್ಡ್ ಮಾಡಿ ಹಳೇದಕ್ಕೆ ಹೋಲಿಸಿ ನೋಡಿ, ದಿನಾ ಕೇಳಿ ಕೇಳಿ ನಮ್ಮ ಕಿವಿಗೆ ಅಭ್ಯಾಸ ಆಗೋಗಿರತ್ತೆ, ರೆಕಾರ್ಡಿಂಗಿಗೆ ಆಗಿರಲ್ಲ.

ಆಯಿಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಡುಸು. ಲಾಂಗ್‌ಲೈಫ್ ಸರ್ವಿಸ್ ಅಂತ 30,000 ಕಿಲೋಮೀಟರ್ ಅಥವಾ 2 ವರ್ಷ ಬಿಡೋದು ಇದೆಯಲ್ಲ, ಹಳೆ ಗಾಡಿಗೆ ಅದನ್ನ ಮರೆತುಬಿಡಿ, ವರ್ಷಕ್ಕೊಂದ್ಸಲ ಇಲ್ಲಾ 10,000 ಕಿಲೋಮೀಟರಿಗೆ ಒಂದ್ಸಲ ಹಾಕ್ಸಿ. 5ಡಬ್ಲ್ಯೂ-30 ಅಂತ ಡಬ್ಬಿ ಮುಂದೆ ಬರೆದಿರೋದು ದಪ್ಪ ಎಷ್ಟು ಅಂತ ಮಾತ್ರ, ನಿಮಗೆ ಬೇಕಾಗಿರೋದು ಡಬ್ಬಿ ಹಿಂದೆ ಇರೋ ಕಂಪನಿ ಅಪ್ರೂವಲ್ ನಂಬರ್. ಫೋಕ್ಸ್‌ವ್ಯಾಗನ್ ಹಳೆ ಪೆಟ್ರೋಲಿಗೆ 502 00, ಪಂಪ್ ಇಂಜೆಕ್ಟರ್ ಇರೋ ಹಳೆ ಟಿಡಿಐ ಡೀಸೆಲಿಗೆ 505 01, ಡಿಪಿಎಫ್ ಅಂದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇರೋ ಡೀಸೆಲಿಗೆ 507 00, ಹೀಗೆ. ಎಲ್ಲಾದಕ್ಕೂ ಇದೇ ಆಗತ್ತೆ ಸಾರ್ ಅಂತ ಡ್ರಮ್ಮಿಂದ ಸುರಿಯೋ ಕಡೆ ನಿಲ್ಲಿಸಲೇಬೇಡಿ.

ಇಂಜಿನ್ ತಣ್ಣಗಿಡೋ ಕೂಲೆಂಟ್ ಕಡೆ ಬರೋಣ, ಹಳೆ ಯುರೋಪಿಯನ್ ಗಾಡಿ ರಸ್ತೇಲಿ ನಿಲ್ಲೋಕೆ ಒಂದು ದೊಡ್ಡ ಕಾರಣ ಇದು. ಥರ್ಮೋಸ್ಟಾಟ್ ಹೌಸಿಂಗ್, ಪೈಪಿನ ಟಿ ಜಾಯಿಂಟು, ಟ್ಯಾಂಕು, ಎಲ್ಲಾ ಪ್ಲಾಸ್ಟಿಕ್ಕು, ಬಿಸಿ ತಣ್ಣಗೆ ಆಗ್ತಾ ಆಗ್ತಾ ಗರಿಗರಿ ಆಗಿ ಬಿರುಕು ಬಿಡತ್ತೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ಟಾರ್ಚ್ ಹಿಡಿದು ನೋಡಿ, ಜಾಯಿಂಟುಗಳ ಕೆಳಗೆ ಗುಲಾಬಿ ಬಣ್ಣದ ಉಪ್ಪು ಕಟ್ಟಿದ ಹಾಗೆ ಪುಡಿ ಅಂಟಿದ್ರೆ ಅಲ್ಲಿ ಕೂಲೆಂಟ್ ಜಿನುಗಿ ಒಣಗಿದೆ, ನೆಲದ ಮೇಲೆ ಒಂದು ಹನಿನೂ ಬಿದ್ದಿರಲ್ಲ. ಅಲ್ಲಿಗೇ ಬದಲಾಯಿಸಿದ್ರೆ ಚಿಕ್ಕ ಬಿಲ್ಲು, ಇಲ್ಲಾಂದ್ರೆ ಇಂಜಿನ್ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ಟೇ ಸುಟ್ಟು ದೊಡ್ಡ ಬಿಲ್ಲು. ಕೂಲೆಂಟ್ ಕಡಿಮೆ ಆಗಿದೆ ಅಂತ ಕೈಗೆ ಸಿಕ್ಕ ಬಣ್ಣದ್ದು ಸುರೀಬೇಡಿ, ಫೋಕ್ಸ್‌ವ್ಯಾಗನ್ನಿನ ಹಳೆ ನೀಲಿ ಹಸಿರು ಜಿ11ಗೆ ಕೆಂಪು ಜಿ12 ಬೆರೆಸಿದ್ರೆ ಕಂದು ಬಣ್ಣದ ಕೆಸರಾಗಿ ರೇಡಿಯೇಟರ್ ಕಟ್ಕೊಳ್ಳತ್ತೆ. ಬಿಸಿ ಇಂಜಿನ್ನಿನ ಟ್ಯಾಂಕ್ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆಗೀಬೇಡಿ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಂದ್ಸಲ, ಅದು ನೀರು ಹೀರ್ಕೊಳ್ಳತ್ತೆ. ಟೈರಿನ ಕಚ್ಚು ಎಷ್ಟೇ ಉಳಿದಿರಲಿ ಪಕ್ಕದಲ್ಲಿರೋ ನಾಲ್ಕಂಕಿ ನೋಡಿ, 2316 ಅಂದ್ರೆ 2016ರ 23ನೇ ವಾರದ್ದು, ಅಷ್ಟು ಹಳೇದು ಬೇಡ.

ನೀರು ಒಳಗೆ ಬರೋದು ಇನ್ನೊಂದು. ವೈಪರ್ ಕೆಳಗಿನ ಪ್ಲಾಸ್ಟಿಕ್ ಕವರ್ ಅಡಿ ಒಣಗಿದ ಎಲೆ ತುಂಬ್ಕೊಂಡು ನೀರು ಹೋಗೋ ತೂತು ಮುಚ್ಚೋಗತ್ತೆ, ನಿಂತ ನೀರು ಬ್ಲೋವರ್ ಕಡೆಯಿಂದ ಒಳಗೆ ಇಳಿಯತ್ತೆ. ಹಳೆ ಪೋಲೋ, ಫ್ಯಾಬಿಯಾಗಳಲ್ಲಿ ಡೋರ್ ಒಳಗಿನ ಸೀಲ್ ಬಿಟ್ಕೊಂಡು ಹಿಂದಿನ ಸೀಟಿನ ಕಾಲು ಇಡೋ ಜಾಗದಲ್ಲಿ ನೀರು ನಿಲ್ಲತ್ತೆ. ಮ್ಯಾಟ್ ಮೇಲೆ ಕೈ ಇಟ್ರೆ ಗೊತ್ತಾಗಲ್ಲ, ಕಾರ್ಪೆಟ್ ಅಂಚು ಎತ್ತಿ ಕೆಳಗಿರೋ ಸ್ಪಂಜ್ ಹಿಂಡಿ ನೋಡಿ. ಅದರ ಕೆಳಗೇ ವೈರಿಂಗ್ ಓಡಾಡತ್ತೆ, ಆಮೇಲೆ ಲಾಕ್ ತಾನಾಗೇ ಬೀಳತ್ತೆ, ಲೈಟ್ ತಾನಾಗೇ ಹತ್ತತ್ತೆ, ಮೆಕ್ಯಾನಿಕ್ ಕಂಪ್ಯೂಟರ್ ಹೋಗಿದೆ ಅಂತಾನೆ.

ಕಂಪ್ಯೂಟರ್ ಹೋಗಿದೆ ಅಂದ್ರೆ ತಕ್ಷಣ ಒಪ್ಕೋಬೇಡಿ. ಮೊದಲು ಬ್ಯಾಟರಿ, ಆಮೇಲೆ ಅರ್ತ್ ವೈರ್, ಆಮೇಲೆ ಫ್ಯೂಸ್, ಕೊನೆಗೆ ಕಂಪ್ಯೂಟರ್. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ಸುತ್ತಮುತ್ತ ಇರ್ಬೇಕು, ಇಂಜಿನ್ ಓಡ್ತಿರುವಾಗ ಸಾಮಾನ್ಯವಾಗಿ 14ರ ಆಸುಪಾಸು. ಪುಂಟೋದಲ್ಲಿ ಸ್ಟೀರಿಂಗ್ ಲೈಟ್ ಹತ್ತಿ ಸ್ಟೀರಿಂಗ್ ಗಟ್ಟಿ ಆದ್ರೆ ಸೋತ ಬ್ಯಾಟರಿನೂ ಕಾರಣ ಇರಬಹುದು, ಇಡೀ ಸ್ಟೀರಿಂಗ್ ಕಾಲಂ ಬದಲಾಯಿಸೋಕೆ ಮುಂಚೆ ಅದನ್ನ ನೋಡಿ. ಗಾಡಿ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದೋ ಒಂದು ಅಗ್ಗದ ಒಬಿಡಿ ರೀಡರ್ ತಗೊಂಡಿಡಿ, ಯುರೋಪಲ್ಲಿ ಪೆಟ್ರೋಲ್ ಗಾಡಿಗೆ 2001ರಿಂದ, ಡೀಸೆಲಿಗೆ 2004ರಿಂದ ಒಬಿಡಿ ಕಡ್ಡಾಯ ಆಗಿದ್ರಿಂದ ಅದನ್ನ ಚುಚ್ಚೋ ಸಾಕೆಟ್ ನಿಮ್ಮ ಗಾಡಿಲೂ ಇದ್ದೇ ಇರತ್ತೆ. ಆದ್ರೆ ಕೋಡ್ ಬಂತು ಅಂತ ಪಾರ್ಟ್ ಆರ್ಡರ್ ಮಾಡ್ಬೇಡಿ. ಪಿ0171 ಬಂದ್ರೆ ಇಂಜಿನ್ನಿಗೆ ಹೋಗೋ ಪೆಟ್ರೋಲಿಗೆ ಹೋಲಿಸಿದ್ರೆ ಗಾಳಿ ಜಾಸ್ತಿ ಇದೆ ಅಂತ ಅಷ್ಟೇ ಅರ್ಥ, ಸೆನ್ಸರ್ ಬದಲಾಯಿಸಿ ಅಂತಲ್ಲ, ಬಹಳ ಸಲ ಬಿರುಕು ಬಿಟ್ಟಿರೋ ವ್ಯಾಕ್ಯೂಮ್ ಪೈಪೇ ಇರತ್ತೆ, ಮತ್ತೆ ಅದೇ ರಬ್ಬರು.

ಸಸ್ಪೆನ್ಷನ್ ಬುಷ್, ಬಾಲ್ ಜಾಯಿಂಟ್, ಇಂಜಿನ್ ಮೌಂಟ್ ಎಲ್ಲಾ ಸವೆಯೋ ಸಾಮಾನೇ, ಸದ್ದು ಬಂದಾಗ ಎರಡೂ ಕಡೆದು ಒಟ್ಟಿಗೆ ಹಾಕ್ಸಿ. ಪೆಜೋ 206 ಇರೋರು ಮಾತ್ರ ಆಗಾಗ ಗಾಡಿ ಹಿಂದೆ ಹತ್ತಡಿ ದೂರ ನಿಂತು ನೋಡಿ, ಹಿಂದಿನ ಟೈರಿನ ಮೇಲ್ಭಾಗ ಒಳಕ್ಕೆ ವಾಲಿದ್ರೆ ಆಕ್ಸಲ್ ಬೇರಿಂಗ್ ಹೋಗಿದೆ. ಆಗ್ಲೇ ಹಿಡಿದ್ರೆ ಬೇರಿಂಗಲ್ಲಿ ಮುಗಿಯತ್ತೆ, ಹಾಗೇ ಓಡಿಸಿದ್ರೆ ಪೂರ್ತಿ ಆಕ್ಸಲ್ಲೇ ಹಾಕ್ಬೇಕು.

ಪಾರ್ಟ್ಸ್ ದುಬಾರಿ ಅನ್ನೋ ದೂರು ಅರ್ಧಕ್ಕರ್ಧ ಡಬ್ಬಿಗೆ ಕೊಡೋ ದುಡ್ಡು. ಕಂಪನಿ ಲೋಗೋ ಇರೋ ಡಬ್ಬಿಲಿ ಬರೋದು ಎಷ್ಟೋ ಸಲ ಬಾಷ್, ವ್ಯಾಲಿಯೋ, ಮಾಲೆ, ಲುಕ್, ಐಎನ್‌ಎ ಥರದ ಪಾರ್ಟ್ಸ್ ಕಂಪನಿಯವರೇ ಮಾಡಿದ್ದು, ಅವರದೇ ಡಬ್ಬಿಲಿ ತಗೊಂಡ್ರೆ ಕಡಿಮೆ ಆಗತ್ತೆ. ಒಂದೇ ಸಾಮಾನು ಬೇರೆ ಬ್ಯಾಡ್ಜಿನ ಗಾಡಿಲೂ ಇರತ್ತೆ, ಪಾರ್ಟ್ ನಂಬರ್ 6ಕ್ಯೂ0 ಅಂತ ಶುರುವಾದ್ರೆ ಅದು ಆ ಕಾಲದ ಪೋಲೋ, ಫ್ಯಾಬಿಯಾ, ಇಬಿಝಾ ಕುಟುಂಬದ್ದು. ಸಿಟ್ರೋಯೆನ್ ಸಿ1, ಪೆಜೋ 107, ಟೊಯೋಟಾ ಐಗೋ ಮೂರೂ 2005ರಿಂದ ಜೆಕ್ ದೇಶದ ಕೋಲಿನ್ ಫ್ಯಾಕ್ಟರಿಲೇ ತಯಾರಾದವು, ಮೂರು ಕೌಂಟರಲ್ಲೂ ರೇಟ್ ಕೇಳಿ. ಕನ್ನಡಿ, ಸ್ವಿಚ್ಚು, ಡೋರ್ ಹ್ಯಾಂಡಲ್, ಗ್ಲಾಸು ಗುಜರಿದು ಪರವಾಗಿಲ್ಲ, ಬ್ರೇಕು ಬೆಲ್ಟು ವಾಟರ್ ಪಂಪ್ ಗುಜರಿದು ಬೇಡ. ಸ್ವಂತ ಬಿಚ್ಚೋರು ಟಾರ್ಕ್ಸ್ ಮತ್ತೆ ಹನ್ನೆರಡು ಹಲ್ಲಿನ ಸ್ಪ್ಲೈನ್ ಬಿಟ್ ತಗೊಳ್ಳಿ, ಅಲೆನ್ ಕೀ ತುರುಕಿದ್ರೆ ಬೋಲ್ಟ್ ತಲೆ ಹೋಗತ್ತೆ ಆಮೇಲೆ ಡ್ರಿಲ್ಲೇ ಗತಿ.

ಈಗ ಬಿಡೋ ವಿಷಯ. ರಿಪೇರಿ ಬಿಲ್ ಗಾಡಿ ಬೆಲೆಗಿಂತ ಜಾಸ್ತಿ ಆದ್ರೆ ಮಾರಿ ಅಂತಾರೆ, ಆ ಲೆಕ್ಕ ನನಗೆ ಸರಿ ಕಾಣಲ್ಲ. ಹಳೆ ಗಾಡಿಗೆ ಬೆಲೆನೇ ಇಲ್ಲದಾಗ ಕ್ಲಚ್ ಪ್ಲೇಟ್ ಹಾಕ್ಸಿದ್ರೂ ಆ ಗೆರೆ ದಾಟತ್ತೆ. ಕಳೆದ ಎರಡು ಮೂರು ವರ್ಷದ ಬಿಲ್ಲೆಲ್ಲಾ ಕೂಡಿ ವರ್ಷಕ್ಕೆ ಎಷ್ಟು ಅಂತ ನೋಡಿ, ಪಕ್ಕದಲ್ಲಿ ಹೊಸದು ತಗೊಂಡ್ರೆ ವರ್ಷಕ್ಕೆ ಬೆಲೆ ಎಷ್ಟು ಇಳಿಯತ್ತೆ, ಸಾಲದ ಬಡ್ಡಿ ಎಷ್ಟು, ಇನ್ಷೂರೆನ್ಸ್ ಎಷ್ಟು ಜಾಸ್ತಿ ಅಂತ ಬರೀರಿ. ಬಹಳ ಸಲ ಹಳೇದೇ ಗೆಲ್ಲತ್ತೆ. ಆದ್ರೆ ಕೆಲವಕ್ಕೆ ಲೆಕ್ಕನೇ ಹಾಕ್ಬೇಡಿ, ಬಿಟ್ಬಿಡಿ: ಸಸ್ಪೆನ್ಷನ್ ಕೂರೋ ಜಾಗಕ್ಕೋ ಡೋರ್ ಕೆಳಗಿನ ಸಿಲ್ಲಿಗೋ ತೂತು ಬೀಳೋಷ್ಟು ತುಕ್ಕು, ಏರ್‌ಬ್ಯಾಗ್ ಎಬಿಎಸ್ ಸಾಮಾನು ಎಲ್ಲೂ ಸಿಗದೇ ಇರೋದು, ಕೂಲೆಂಟ್ ಆಯಿಲ್ ಬೆರೆತು ಬಾಗಿರೋ ಇಂಜಿನ್ ಹೆಡ್ಡು. ಡ್ರೈ ಕ್ಲಚ್ಚಿನ ಏಳು ಗೇರಿನ ಡಿಎಸ್‌ಜಿ, ಅಂದ್ರೆ ಫೋಕ್ಸ್‌ವ್ಯಾಗನ್ನಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಲ್ಲಿ ಗೇರ್ ಬದಲಾಯಿಸೋ ಮೆಕಾಟ್ರಾನಿಕ್ಸ್ ಹೋದ್ರೂ ಹೆಚ್ಚುಕಮ್ಮಿ ಅದೇ ಕಥೆ. ಕೆಲವು ಊರಲ್ಲಿ ಕಾನೂನೇ ತೀರ್ಮಾನ ಮಾಡತ್ತೆ, ಲಂಡನ್ನಿನ ಯೂಲೆಜ್ ಅನ್ನೋ ಕಡಿಮೆ ಹೊಗೆ ವಲಯದಲ್ಲಿ ಪೆಟ್ರೋಲ್ ಗಾಡಿ ಹೊಗೆ ಯುರೋ 4, ಡೀಸೆಲಿಂದು ಯುರೋ 6 ಮಟ್ಟದಲ್ಲಿ ಇಲ್ದಿದ್ರೆ ಓಡಿಸಿದ ದಿನ ಎಲ್ಲಾ ದುಡ್ಡು ಕಟ್ಬೇಕು.

ಈ ಗೆರೆಗಳನ್ನ ಮೊದಲೇ ಒಂದು ಚೀಟಿಲಿ ಬರೆದು ಸರ್ವಿಸ್ ಫೈಲಲ್ಲಿ ಇಡಿ. ಬಿಡೋದು ಅಂತ ಆದ್ಮೇಲೆ ಬುಷ್, ಎಸಿ, ಪೇಂಟ್ ಇದಕ್ಕೆಲ್ಲಾ ಸುರಿಯೋದು ನಿಲ್ಲಿಸಿ, ಬ್ರೇಕು ಟೈರು ಆಯಿಲ್ ಕೂಲೆಂಟ್ ಮಾತ್ರ ನಿಲ್ಲಿಸಬೇಡಿ, ಕೊನೆ ದಿನದ ತನಕ ಅದರಲ್ಲಿ ಕೂರೋರು ನೀವೇ.

ಮುಂದಿನ ಗಾಡಿನೂ ಚಿಕ್ಕ ಯುರೋಪಿಯನ್ನೇ ಬೇಕು ಅಂದ್ರೆ ಆಯ್ಕೆ ಮೊದಲಿನಷ್ಟಿಲ್ಲ, ಫೋರ್ಡ್ ಫಿಯೆಸ್ಟಾ, ಫೋಕ್ಸ್‌ವ್ಯಾಗನ್ ಅಪ್ ಎರಡೂ 2023ರಲ್ಲೇ ನಿಂತುಹೋದವು. ಸೆಕೆಂಡ್ ಹ್ಯಾಂಡ್ ನೋಡೋರಿಗೆ ನನ್ನ ಸಲಹೆ, ಬೋರಿಂಗ್ ಗಾಡಿ ತಗೊಳ್ಳಿ, ಟರ್ಬೋ ಇಲ್ದಿರೋ ಪೆಟ್ರೋಲು, ಮ್ಯಾನುವಲ್ ಗೇರು, ಆಯಿಲ್ ಒಳಗೆ ಓಡದ ಒಣ ಬೆಲ್ಟು. ಚಿಕ್ಕ ಚಿಕ್ಕ ಓಡಾಟ ಮಾತ್ರ ಇದ್ರೆ ಡಿಪಿಎಫ್ ಇರೋ ಡೀಸೆಲ್ ಹತ್ರಾನೂ ಹೋಗ್ಬೇಡಿ, ಫಿಲ್ಟರ್ ತುಂಬ್ಕೊಂಡು ಲೈಟ್ ಹತ್ತತಾನೇ ಇರತ್ತೆ. ನೋಡೋಕೆ ಹೋದಾಗ ಮೊದಲು ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ರೆ ನೀವು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಸದ್ದು ಮುಚ್ಚಿದ್ದಾರೆ ಅಂತಾಯ್ತು, ಇನ್ನೊಂದು ದಿನ ಬರ್ತೀನಿ ಅನ್ನಿ. ಒಬಿಡಿ ರೀಡರ್ ಹಾಕಿ ಕೋಡ್ ಏನೂ ಇಲ್ಲ ಅಂತ ಖುಷಿ ಪಡೋ ಮುಂಚೆ ರೆಡಿನೆಸ್ ಅನ್ನೋ ಪುಟ ತೆಗೀರಿ, ಅಲ್ಲಿ ಗಾಡಿ ತಾನೇ ಮಾಡ್ಕೊಳ್ಳೋ ಸುಮಾರು ಟೆಸ್ಟ್ ಇನ್ನೂ ಮುಗಿದಿಲ್ಲ ಅಂತ ತೋರಿಸಿದ್ರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲಾ ಬ್ಯಾಟರಿ ಬಿಚ್ಚಿದ್ದಾರೆ.

ನಿಮ್ಮ ಹಳೇದನ್ನ ಕೊಡುವಾಗ ಬಿಲ್ಲುಗಳ ಫೈಲ್ ಜೊತೆ ಕೊಡಿ, ಅದರಲ್ಲೂ ಬೆಲ್ಟಿನ ಬಿಲ್ಲು, ಚೌಕಾಸಿಲಿ ಅದರಷ್ಟು ಕೆಲಸಕ್ಕೆ ಬರೋದು ಬೇರೆ ಇಲ್ಲ. ಎರಡನೇ ಕೀ, ವೀಲ್ ಲಾಕಿನ ಸಾಕೆಟ್ಟು, ಫ್ಯಾಕ್ಟರಿ ರೇಡಿಯೋ ಕೋಡಿನ ಕಾರ್ಡು ಮೂರನ್ನೂ ಹುಡುಕಿಡಿ, ಬ್ಯಾಟರಿ ಬಿಚ್ಚಿ ಹಾಕಿದ ದಿನ ರೇಡಿಯೋ ಕೋಡ್ ಕೇಳಿದ್ರೆ ತಗೊಂಡೋರು ಫೋನ್ ಮಾಡೋದು ನಿಮಗೇ.