ಬೆಟ್ಟ, ಪೇಟೆ, ಹೈವೇ: ಕಾರಿನ ಸೆಟ್ಟಿಂಗು ಡ್ರೈವರ್ ಕೈಗೆ ಕೊಟ್ಟ ನಮ್ಮ ಅನುಭವ

"ಸೆಟ್ಟಿಂಗು ಡ್ರೈವರ್ ಕೈಗೆ ಕೊಟ್ರೆ ತಿಂಗಳೊಳಗೆ ಮೋಟಾರು ಸುಟ್ಕೊಂಡು ಬರ್ತಾರೆ" ಅಂತ ಗ್ಯಾರೇಜಿನವರೆಲ್ಲ ನಕ್ಕಿದ್ದರು. ಮೈಸೂರಿನಲ್ಲಿ ಎಲೆಕ್ಟ್ರಿಕ್‌ಗೆ ಬದಲಿಸಿದ ನಾಲ್ಕು ಹಳೇ ಮಾರುತಿ 800 ಒಂದೂವರೆ ವರ್ಷದಿಂದ ಓಡುತ್ತಿವೆ, ಒಂದು ಮೋಟಾರೂ ಸುಟ್ಟಿಲ್ಲ. ಸುಟ್ಟದ್ದು ಒಂದು ಕಂಟ್ರೋಲರು, ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಅಳೆದು ಕೊಡುವ ಡಬ್ಬಿ. ಅದರಲ್ಲಿ ಡ್ರೈವರ್ ತಪ್ಪೇನಿಲ್ಲ, ನಮ್ಮದೇ.

ಡ್ರೈವರಿಗೆ ಬಿಟ್ಟದ್ದು ಮೂರೇ: ಟಾಪ್ ಸ್ಪೀಡು, ಪಿಕಪ್ಪು, ಕಾಲು ತೆಗೆದಾಗ ರೀಜೆನ್ (ಮೋಟಾರೇ ಗಾಡಿ ಹಿಡಿದು ಬ್ಯಾಟರಿಗೆ ಚಾರ್ಜು ತುಂಬುವುದು) ಎಷ್ಟು ಹಿಡಿಯಬೇಕು ಅನ್ನೋದು. ಈ ಮೂರನ್ನು ಸೇರಿಸಿ ಬೆಟ್ಟಕ್ಕೊಂದು, ಪೇಟೆಗೊಂದು, ಹೈವೇಗೊಂದು ಮೋಡನ್ನು ಮೊಬೈಲ್ ಆ್ಯಪಿನಲ್ಲಿ ಇಟ್ಟುಕೊಳ್ಳಬಹುದು. ಫೇಸ್ ಕರೆಂಟು (ಮೋಟಾರಿಗೆ ಹೋಗುವುದು), ಬ್ಯಾಟರಿ ಕರೆಂಟು, ಹೀಟ್ ಕಟ್‌ಆಫ್ ಮುಟ್ಟಲು ಬಿಟ್ಟಿಲ್ಲ. ಮಿತಿ ಕಾಯುವ ಕೆಲಸ ಆ್ಯಪಿಗೆ ಕೊಡಬೇಡಿ, ಗಾಡಿಯೊಳಗಿನ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೊಡಿ. ಸ್ಪೀಡು ಸೊನ್ನೆಯಾಗಿ, ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದರೆ ಮಾತ್ರ ಮೋಡು ಬದಲಾಗುತ್ತದೆ. ಮೊಬೈಲ್ ಸತ್ತರೂ ಗಾಡಿ ಕೊನೆಯ ಮೋಡಿನಲ್ಲೇ ಓಡುತ್ತದೆ.

ಆಗ ಬೋರ್ಡಿಗೆ 450 ರೂಪಾಯಿ, ಕ್ಯಾನ್ ಲೈನಿನಲ್ಲಿ (ಬೋರ್ಡು, ಕಂಟ್ರೋಲರು ಮಾತಾಡುವ ಎರಡು ವೈರು) ಮಾತಾಡಿಸುವ ಟ್ರಾನ್ಸ್‌ಸೀವರಿಗೆ 150, ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರು, ವೋಲ್ಟೇಜ್ ನೆಗೆತ ತಡೆಯುವ ಟಿವಿಎಸ್ ಡಯೋಡು, ಡಬ್ಬಿ, ವೈರು ಎಲ್ಲ ಸೇರಿ ಗಾಡಿಗೆ ಎರಡು ಸಾವಿರದ ಆಸುಪಾಸು ಆಗಿತ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌.ಪಿ. ರೋಡಿಗೆ ಓಡಾಡಿದ್ದು ಬೇರೆ ಲೆಕ್ಕ. ಟಿವಿಎಸ್ ಡಯೋಡು ಹಾಕದೆ ಕಾಸು ಉಳಿಸಲು ಹೋದರೆ ಹಾರ್ನ್ ಒತ್ತಿದಾಗಲೆಲ್ಲ ಬೋರ್ಡು ರೀಸೆಟ್ ಆಗುತ್ತದೆ.

ಮೊದಲ ಎರಡು ವಾರ ಹಾಳಾದದ್ದು ಟರ್ಮಿನೇಷನ್ನಿನಲ್ಲಿ, ಅಂದರೆ ಕ್ಯಾನ್ ಲೈನಿನ ತುದಿಗೆ ಹಾಕುವ ರೆಸಿಸ್ಟರಿನಲ್ಲಿ. ಅಗ್ಗದ ಟ್ರಾನ್ಸ್‌ಸೀವರ್ ಬೋರ್ಡಿನಲ್ಲಿ 120 ಓಮಿನ ರೆಸಿಸ್ಟರು ಮೊದಲೇ ಇರುತ್ತದೆ. ಲೈನಿನ ಎರಡು ತುದಿಯಲ್ಲಿ ಇರುವುದರ ಜೊತೆಗೆ ಇದು ಮೂರನೆಯದು. ಪವರ್ ತೆಗೆದು ಕ್ಯಾನ್ ಹೈ, ಲೋ ಅನ್ನೋ ಆ ಎರಡು ವೈರುಗಳ ನಡುವೆ ಅಳೆದರೆ 60 ಓಮ್ ಬರಬೇಕಿತ್ತು, ನಮಗೆ ಬಂದದ್ದು 40. ಆ ರೆಸಿಸ್ಟರು ಕಿತ್ತ ಮೇಲೆ ಲೈನಿನಲ್ಲಿ ಬರುತ್ತಿದ್ದ ಎರರು ನಿಂತಿತು.

ಇನ್ನು ಕಂಟ್ರೋಲರಿನ ಕಥೆ. ಒಂದು ಗಾಡಿ ನಿಲ್ಲುತ್ತಿದ್ದದ್ದೇ ಚಾಮುಂಡಿ ಬೆಟ್ಟದ ಮೇಲೆ. ರಾತ್ರಿ ಫುಲ್ ಚಾರ್ಜು, ಬೆಳಿಗ್ಗೆ ಎದ್ದರೆ ಬರೀ ಇಳಿಜಾರು, ರೀಜೆನ್ ಫುಲ್. ಒಂದು ಟನ್ ತೂಕ ಸುಮಾರು 300 ಮೀಟರ್ ಇಳಿದರೆ ಲೆಕ್ಕಕ್ಕೆ ಮುಕ್ಕಾಲು ಯೂನಿಟ್ಟಿಗೂ ಮೇಲೆ. ಅರ್ಧ ವಾಪಸ್ ಬಂದರೂ ತುಂಬಿದ ಬ್ಯಾಟರಿಯಲ್ಲಿ ಅದಕ್ಕೆ ಜಾಗವಿಲ್ಲ. 24 ಸೆಲ್ಲಿನ ಎಲ್‌ಎಫ್‌ಪಿ (ಒಂದು ಬಗೆಯ ಲಿಥಿಯಂ) ಬ್ಯಾಟರಿ ಪ್ಯಾಕು ತುಂಬಿದಾಗ 87.6 ವೋಲ್ಟು. ಎರಡನೇ ತಿರುವಿನಲ್ಲೇ ಬ್ಯಾಟರಿ ಕಾಯುವ ಬಿಎಂಎಸ್ ಬ್ಯಾಟರಿಯನ್ನು ಕಟ್ ಮಾಡಿತು, ರೀಜೆನ್ ಕರೆಂಟಿಗೆ ದಾರಿಯಿಲ್ಲದೆ ವೋಲ್ಟೇಜ್ ನೆಗೆಯಿತು, ಕಂಟ್ರೋಲರಿನೊಳಗೆ ಸ್ವಿಚ್ಚಿನ ಕೆಲಸ ಮಾಡುವ 100 ವೋಲ್ಟಿನ ಮಾಸ್‌ಫೆಟ್‌ಗಳು ಹೋದವು. ದಂಡ 28 ಸಾವಿರ ಚಿಲ್ಲರೆ.

ಈಗ ಪ್ಯಾಕಿನ ಸರಾಸರಿ ನೋಡುವುದನ್ನು ಬಿಟ್ಟು ಅತಿ ಹೆಚ್ಚು ವೋಲ್ಟೇಜಿನ ಒಂಟಿ ಸೆಲ್ ನೋಡುತ್ತೇವೆ. ಅದು 3.40 ವೋಲ್ಟು ದಾಟಿದರೆ ರೀಜೆನ್ ಇಳಿಯುತ್ತಾ ಬಂದು 3.50ಕ್ಕೆ ಸೊನ್ನೆ. ಆದರೆ ರೀಜೆನ್ ಅಭ್ಯಾಸವಾದ ಕಾಲಿಗೆ ಇಳಿಜಾರಿನಲ್ಲಿ ಅದು ಸಿಗದಿದ್ದರೆ ಅಪಾಯ. ಅದಕ್ಕೇ ಗಾಡಿ ಹೊರಡುವ ಮೊದಲೇ ಬಜರ್ ಕೂಗಿ ಹೇಳುತ್ತದೆ. ಬೆಟ್ಟದ ಮೇಲಿನ ಗಾಡಿಗೆ ಚಾರ್ಜು ಶೇಕಡಾ 90ಕ್ಕೇ ನಿಲ್ಲಿಸಿದ್ದೇವೆ. ರೀಜೆನ್ ಜೋರಾದಾಗ ಬ್ರೇಕ್ ಲೈಟು ಹತ್ತಲೇಬೇಕು, ಇಲ್ಲದಿದ್ದರೆ ಹಿಂದಿನ ಬೈಕಿನವನು ಡಿಕ್ಕಿಗೇ ಬಂದು ಕೂರುತ್ತಾನೆ.

ಜಿಪಿಎಸ್ ನೋಡಿ ತಾನೇ ಮೋಡು ಬದಲಿಸುವ ಪ್ರಯೋಗವನ್ನೂ ಮಾಡಿದೆವು. ಡ್ಯಾಶ್‌ಬೋರ್ಡಿನ ಬಿಸಿಲಿಗೆ ಮೊಬೈಲೇ ಕಾದು ಆಫ್ ಆಗುತ್ತಿತ್ತು, ಕೈಬಿಟ್ಟೆವು.

ಪಿಕಪ್ಪಿನ ಕರ್ವ್ (ಆಕ್ಸಿಲರೇಟರು ಎಷ್ಟು ಒತ್ತಿದರೆ ಎಷ್ಟು ಎಳೆತ ಅನ್ನೋ ಲೆಕ್ಕ) ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಅದು ಮಾತ್ರ ನಮ್ಮ ಹತ್ತಿರವೇ ಇರಲಿ. ಮೋಡಿನ ಹೆಸರನ್ನು ಡ್ರೈವರುಗಳೇ ಇಡುತ್ತಾರೆ. ಮಂಡ್ಯಕ್ಕೆ ಓಡಾಡುವ ಒಬ್ಬರು ಗಂಟೆಗೆ 30 ಕಿ.ಮೀ.ನ ಮೋಡಿಗೆ ಇಟ್ಟ ಹೆಸರು "ಕಬ್ಬಿನ ಗಾಡಿ".